ಅಂಗಳದಲ್ಲಿ ಆಡಿದ ಮಾತು

ಗುಳಿಗೆ ನುಂಗುವ ವಿಷಯದಲ್ಲಿ ಬೈಲಹೊಂಗಲದಿಂದ ಸವದತ್ತಿಯ ತನಕ ಯಾವ ಬಸುರಿಯೂ ನಿಜ ಹೇಳುವುದಿಲ್ಲ ಎಂದು ನಾನು ನಂಬಿದ್ದೆ. ನಂಬಿದ್ದೆ ಏನು, ಎದೆ ತಟ್ಟಿ ಹೇಳುತ್ತಿದ್ದೆ. ಕಣ್ಣಾರೆ ಕಂಡಿದ್ದೆನಲ್ಲ! ಒಬ್ಬಾಕೆ ಎರಡು ತಿಂಗಳ ಗುಳಿಗೆಯನ್ನು ಹಿಂಡಿಯಲ್ಲಿ ಕಲಸಿ ಎಮ್ಮೆಗೆ ತಿನ್ನಿಸಿದ್ದಳು. ಇನ್ನೊಬ್ಬಾಕೆಯ ಕೋಳಿಗೂಡಿನ ಹಿಂದೆ ಕೈತುಂಬ ಗುಳಿಗೆ ಸಿಕ್ಕಿದ್ದವು. ಕೇಳಿದರೆ, "ಬಾಯಾಗ ತುಕ್ಕ ಹಿಡದಂಗ ಆಗ್ತದರಿ ಅಕ್ಕಾರ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಹೆಸರು ಅಜೀಜಾಬಿ. ನಾನು ಹೇಳುತ್ತಿರುವುದು 2002ರ ಮಾತು. ಬೈಲಹೊಂಗಲದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಒಂದು ಸಂಶೋಧನೆಯ ಕಚೇರಿ ತೆರೆದಿದ್ದರು. ರಕ್ತ ಕಡಿಮೆ ಇರುವ ಬಸುರಿಯರಿಗೆ ಕಬ್ಬಿಣದ ಗುಳಿಗೆಯನ್ನು ದಿನಕ್ಕೊಂದು ಕೊಡಬೇಕೋ, ವಾರಕ್ಕೆ ಎರಡು ಕೊಟ್ಟರೂ ಸಾಕೋ ಎಂಬುದನ್ನು ಕಂಡುಹಿಡಿಯುವುದು ಅಲ್ಲಿಯ ಕೆಲಸ. ಅದರ ಮುಖ್ಯಸ್ಥೆ ಬೆಳಗಾವಿಯಿಂದ ಬರುತ್ತಿದ್ದ ಡಾಕ್ಟರ್ ರಾಜೇಶ್ವರಿ. ಊರೂರಿಗೆ ಹೋಗುವವಳು ನಾನು. ಜೀಪು ಓಡಿಸುವವನು ನನ್ನ ಗಂಡ ಅಲ್ಲಾಸಾಬ. ಮನೆಯಲ್ಲೂ ಅವನದೇ ಮುಖ, ಜೀಪಿನಲ್ಲೂ ಅವನದೇ ಮುಖ ಎಂದು ನಾನು ಗೊಣಗುತ್ತಿದ್ದೆ. ಅವನು ಕೇಳಿಸದವನಂತೆ ಹಾರ್ನ್ ಬಾರಿಸುತ್ತಿದ್ದ.

ಕೆಲಸ ಕಷ್ಟದ್ದಲ್ಲ. ಮೊದಲ ಭೇಟಿಯಲ್ಲಿ ಒಪ್ಪಿಗೆಯ ಸಹಿ ಹಾಕಿಸಿಕೊಂಡು ರಕ್ತ ತೆಗೆಯಬೇಕು. ಅರವತ್ತು ಗುಳಿಗೆಯ ಡಬ್ಬಿ ಕೊಡಬೇಕು. ದಿನಕ್ಕೊಂದರ ಗುಂಪಿನವರಾದರೆ ಎಂಟು ವಾರಕ್ಕೆ ಐವತ್ತಾರು ಖರ್ಚಾಗಿ ನಾಲ್ಕು ಉಳಿಯಬೇಕು. ಎಂಟು ವಾರದ ಮೇಲೆ ಹೋಗಿ ಉಳಿದದ್ದನ್ನು ಎಣಿಸಿ, ಮತ್ತೆ ರಕ್ತ ತೆಗೆದು, ಎಲ್ಲವನ್ನೂ ರಜಿಸ್ಟರಿನಲ್ಲಿ ಬರೆಯಬೇಕು. ರಜಿಸ್ಟರಿನ ಕೊನೆಯ ಖಾನೆ ನನ್ನದು: ಗುಳಿಗೆ ತೆಗೆದುಕೊಂಡಿದ್ದಾಳೆಯೇ? ಹೌದಾದರೆ ನೀಲಿ ಶಾಯಿ, ಇಲ್ಲವಾದರೆ ಕೆಂಪು. ಬರೀ ಎಣಿಕೆಯನ್ನು ನಂಬಿ ಬರೆಯುವಂತಿಲ್ಲ, ಮನೆ ನೋಡಿ, ಮಾತು ಕೇಳಿ ತೀರ್ಮಾನಿಸಬೇಕು. ಆ ಖಾನೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ನನ್ನ ಕಣ್ಣಿಗೆ ಮಣ್ಣೆರಚುವವಳು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ.

ಜಂಬದ ಕೆಳಗೆ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ತಂಗಿ ಫರೀನ್ ಮೊದಲ ಹೆರಿಗೆಯಲ್ಲಿ ರಕ್ತವಿಲ್ಲದೆ ತೀರಿಕೊಂಡಳು. ಆಕೆಗೆ ನರ್ಸಮ್ಮ ಗುಳಿಗೆ ಕೊಟ್ಟಿದ್ದಳು. ಸಾವಿನ ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಜೋಳದ ಡಬ್ಬಿ ತೊಳೆಯಲು ತೆಗೆದಾಗ ಆ ಗುಳಿಗೆಗಳೆಲ್ಲ ತಳದಲ್ಲಿದ್ದವು, ಒಂದೂ ಕಡಿಮೆಯಿಲ್ಲದೆ. ಅಂದಿನಿಂದ ಗುಳಿಗೆ ಬಚ್ಚಿಡುವ ಹೆಂಗಸನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಬಚ್ಚಿಡದಿದ್ದರೂ ಬಚ್ಚಿಟ್ಟಿದ್ದಾಳೆ ಎಂದೇ ತೋರುತ್ತದೆ.

ಶ್ರಾವಣದಲ್ಲಿ ಮುರಗೋಡದ ಒಂದು ಮನೆಗೆ ಹೋದೆ. ಮನೆಯ ಒಂದು ಮಗ್ಗುಲಿಗೆ ಹಿಟ್ಟಿನ ಗಿರಣಿ, ಮುಂದೆ ದೊಡ್ಡ ಅಂಗಳ. ಜೋಳದ ಡಬ್ಬಿ ಇಟ್ಟುಕೊಂಡು ಸರದಿ ಕಾಯುವ ಹೆಂಗಸರು ಗಂಡಸರು ಆ ಅಂಗಳದಲ್ಲಿ ಯಾವಾಗಲೂ ಇರುತ್ತಿದ್ದರು. ಗಿರಣಿ ನಡೆಸುವವನು ಮಹಾದೇವ, ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅವನ ತಾಯಿ ಕೆಂಚವ್ವ. ಅವನ ಹೆಂಡತಿ ಶೈಲಜಾ, ಹತ್ತೊಂಬತ್ತು ವರ್ಷದವಳು, ನಾಲ್ಕನೆಯ ತಿಂಗಳ ಬಸುರಿ. ಶೈಲಜಾ ಕೆಂಚವ್ವನ ಮಗಳ ಮಗಳು. ಅಂದರೆ ಹುಡುಗಿಯನ್ನು ಸೋದರಮಾವನಿಗೇ ಕೊಟ್ಟಿದ್ದರು, ನಮ್ಮ ಕಡೆ ಅದು ಹೊಸದೇನಲ್ಲ. ಹೀಗಾಗಿ ಆ ಮನೆಯಲ್ಲಿ ಅಜ್ಜಿಯೇ ಅತ್ತೆ. ಶೈಲಜಾ ಆಕೆಯನ್ನು "ಆಯಿ" ಎಂದೇ ಕರೆಯುತ್ತಿದ್ದಳು, ಗಂಡನನ್ನು "ಮಾವ" ಎಂದು.

ಹುಡುಗಿಯ ಹಿಮೋಗ್ಲೋಬಿನ್ ಎಂಟೂವರೆ ಇತ್ತು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಬಿಳಿ. ಚೀಟಿ ಎತ್ತಿದಾಗ ಅವಳಿಗೆ ದಿನಕ್ಕೊಂದು ಗುಳಿಗೆಯ ಗುಂಪು ಬಂತು. ಡಬ್ಬಿ ಕೊಟ್ಟು, ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ.

"ಚಾದ ಕೂಡ ನುಂಗಬ್ಯಾಡವಾ, ನಿಂಬಿಹಣ್ಣಿನ ನೀರಾಗ ನುಂಗು. ಇನ್ನೊಂದ ಮಾತ, ಇದನ್ನ ನುಂಗಿದ್ರ ಸಂಡಾಸ ಇದ್ದಲಿಯಂಗ ಕಪ್ಪ ಹೋಗ್ತದ. ಹೆದರಬ್ಯಾಡ, ಅದು ಗುಳಿಗಿ ಬಣ್ಣ."

ಅಂಗಳದಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಕೆಂಚವ್ವ ನಗಲಿಲ್ಲ, ತಲೆಯಾಡಿಸಿದಳು. ಶೈಲಜಾ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಹತ್ತಿರ ಹೋಗಿ, ಪೆನ್ಸಿಲಿನಿಂದ ಆ ದಿನದ ಅಂಕಿಯ ಮೇಲೆ ಒಂದು ಗೆರೆ ಎಳೆದಳು. "ದಿನಾ ನುಂಗಿದ ಮ್ಯಾಲ ಹಿಂಗ ಹೊಡೀತೇನಿ ನೋಡ್ರಿ" ಎಂದಳು. ಎಷ್ಟು ಗೆರೆ ನೋಡಿಲ್ಲ ನಾನು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎಂಟು ವಾರ ಕಳೆದ ಮೇಲೆ, ದಸರೆಗೆ ಇನ್ನೂ ಒಂದು ವಾರವಿರುವಾಗ, ಹೋಗಿ ರಕ್ತ ತೆಗೆದುಕೊಂಡು ಬಂದೆ. ಡಬ್ಬಿಯಲ್ಲಿ ಸರಿಯಾಗಿ ನಾಲ್ಕು ಗುಳಿಗೆ ಉಳಿದಿದ್ದವು. ಮರುದಿನ ಹಿಮೋಗ್ಲೋಬಿನ್ ಬಂತು: ಎಂಟೂವರೆ. ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಅದೇ ಓಣಿಯ ಉಳಿದ ಬಸುರಿಯರೆಲ್ಲ ಹತ್ತು, ಹತ್ತೂವರೆ ಮುಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡನೆಯ ಡಬ್ಬಿ ಕೊಡುವುದಿತ್ತು, ಅಂದೇ ಮುರಗೋಡಕ್ಕೆ ಹೋಗಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಜೀಪಿನಿಂದ ಇಳಿದೆ.

ಶೈಲಜಾ ಅಂಗಳದ ಕಟ್ಟೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಗಿರಣಿಯ ಮುಂದೆ ಏಳೆಂಟು ಜನರಿದ್ದರು.

"ನಾಕ ಗುಳಿಗಿ ಲೆಕ್ಕಕ್ಕ ಸರಿಯಾಗಿ ಉಳಿಸೀಯವಾ," ಎಂದೆ. "ಶಾಣ್ಯಾಕಿ ಅದಿ. ಉಳಿದ ಐವತ್ತಾರು ಎಲ್ಲಿ ಚೆಲ್ಲಿದಿ?"

ಅವಳು ಎದ್ದು ನಿಂತಳು. "ನುಂಗೇನ್ರಿ. ಒಂದೂ ಬಿಟ್ಟಿಲ್ಲ."

"ನುಂಗಿದ್ರ ರಕ್ತ ಏರತಿತ್ತು."

"ಆಣಿ ಮಾಡಿ ಹೇಳ್ತೇನ್ರಿ ಅಕ್ಕಾರ."

"ಆಣಿ ಎಲ್ಲಾರೂ ಮಾಡ್ತಾರ. ಕೂಸು ಬ್ಯಾಡಾಗಿದ್ರ ಮದಲ ಹೇಳಬೇಕಿತ್ತು. ನಿನ್ನ ಪಾಲಿನ ಗುಳಿಗಿ ಬ್ಯಾರೆಯವ್ರಿಗರ ಕೊಡತಿದ್ವಿ."

ಗಿರಣಿ ನಿಂತಿತು. ಬೆಲ್ಟು ನಿಧಾನವಾಗಿ ಸುತ್ತಿ ತಣ್ಣಗಾಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿದ್ದ ಮಹಾದೇವ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ. ನನ್ನ ಕಡೆ ನೋಡಲಿಲ್ಲ. ಹೊಸ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, "ಇದನ್ನೂ ಎಮ್ಮಿಗೆ ಹಾಕು" ಎಂದು ನಾನು ಜೀಪು ಹತ್ತಿದೆ. ರಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಶೈಲಜಾಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಇಲ್ಲ ಎಂದು ಬರೆದೆ. ಆ ವರ್ಷ ಅದು ನನ್ನ ಹನ್ನೆರಡನೆಯ ಕೆಂಪು ಹೆಸರು.

ದಸರೆ ಮುಗಿದು ಮೂರು ದಿನಕ್ಕೆ ಕೆಂಚವ್ವ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಬಂದಳು. ಒಬ್ಬಳೇ. ಕಚೇರಿಯಲ್ಲಿ ಡಾಕ್ಟರ್ ರಾಜೇಶ್ವರಿ ಇದ್ದರು, ಕಂಪ್ಯೂಟರಿನ ಮುಂದೆ ಅಂಕಿ ತುಂಬುವ ಸಚಿನ ಇದ್ದ, ನಾನಿದ್ದೆ. ಕುರ್ಚಿ ತೋರಿಸಿದರೆ, "ಕುಂದ್ರಾಕ ಬಂದಿಲ್ಲ, ನಿಂತ ಮಾತಾಡ್ತೇನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗುಳಿಗಿ ನುಂಗಿದ್ರ ಕಪ್ಪ ಹೋಗ್ತದಂತ ಹೇಳಿದವ್ರು ನೀವ ಅಲ್ಲೇನ್ರಿ?"

"ಹೌದು," ಎಂದೆ.

"ಹಂಗಾರ ಕೇಳ್ರಿ. ದಿನಾ ಮುಂಜಾನೆ ಆಕಿ ಕೂಡ ಚರಿಗಿ ಹಿಡಕೊಂಡು ಹಳ್ಳದ ಕಡೆ ಹೋಗಾಕಿ ನಾನು. ಬಸರಿ ಹೆಂಗಸನ್ನ ನಾವು ಒಬ್ಬಾಕಿನ್ನ ಕಳಸೂದಿಲ್ಲ. ಹುಳಹುಪ್ಪಡಿ ಇರ್ತಾವಂತ ಮುಂದ ಬ್ಯಾಟ್ರಿ ಹಾಕಾಕಿ ನಾನು, ಹಿಂದ ಬ್ಯಾಟ್ರಿ ಹಾಕಾಕಿ ನಾನು. ಶ್ರಾವಣದಿಂದ ಇವತ್ತಿನ ತನಕ ದಿನಾ ಕಪ್ಪ. ಒಂದ ದಿನಾನೂ ತಪ್ಪಿಲ್ಲ. ನಾ ಅಷ್ಟ ಅಲ್ಲ, ಓಣ್ಯಾಗಿನ ನಾಕ ಮಂದಿ ಹೆಂಗಸರು ನೋಡ್ಯಾರ, ಬೇಕಾದ್ರ ಕರಸ್ರಿ. ಎಮ್ಮಿಗೆ ಹಾಕಿದ್ರ ಎಮ್ಮಿದು ಕಪ್ಪ ಆಗಬೇಕಿತ್ತು. ನನ್ನ ಮಮ್ಮಗಳದ್ಯಾಕ ಆಗತಿತ್ತ್ರಿ?"

ಸಚಿನ ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿದ. ಡಾಕ್ಟರ್ ರಾಜೇಶ್ವರಿ ನಕ್ಕೇಬಿಟ್ಟರು. ನಗುತ್ತ ನಗುತ್ತ ಒಮ್ಮೆಲೇ ನಿಲ್ಲಿಸಿ, ಪೆನ್ನು ಕೆಳಗಿಟ್ಟರು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮುನ್ನೂರು ಹೆಂಗಸರಿಗೆ ಆ ಕಪ್ಪು ಬಣ್ಣದ ಮಾತನ್ನು ನಾನೇ ಹೇಳಿದ್ದೆ. ಕೋಳಿಗೂಡು ತಡಕಿದ್ದೆ, ಹಿಂಡಿಯ ಬುಟ್ಟಿ ಸೋಸಿದ್ದೆ, ಆಣೆ ಮಾಡಿದವರನ್ನು ಬೈದಿದ್ದೆ. ಆದರೆ ಒಬ್ಬರನ್ನಾದರೂ "ಬಣ್ಣ ಹೆಂಗೈತಿ" ಎಂದು ಕೇಳಿರಲಿಲ್ಲ. ಕೇಳಬೇಕಾದದ್ದು ಅದೊಂದೇ ಆಗಿತ್ತು.

ಕೆಂಚವ್ವನ ಸಿಟ್ಟು ಇಳಿದ ಮೇಲೆ ದುಃಖ ಹೊರಗೆ ಬಂತು. ಈಗ ಕುರ್ಚಿಯ ಮೇಲೆ ಕುಳಿತಳು.

"ನನ್ನ ಮಗ ಆಕಿ ಕೂಡ ಮಾತ ಬಿಟ್ಟಾನ್ರಿ ಬಾಯಾರ. ಹತ್ತ ದಿನಾ ಆತು. ಉಂಡು ಗಿರಣಿಗೆ ಹೋಗ್ತಾನ, ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾನ. ಈ ಹುಡುಗಿ ಇಲ್ಲೇ ಬೈಲಹೊಂಗಲದಾಗ ಕಾಲೇಜ ಕಲೀತಿತ್ತು. ನಾನ ಹಟಾ ಹಿಡದು ಲಗ್ನ ಮಾಡಿಸಿದೆ. ಎಂಟ ದಿನಾ ಅತ್ತಿತ್ತು, ಊರಿಗೆಲ್ಲಾ ಗೊತ್ತೈತಿ. ಆಮ್ಯಾಲ ಹೊಂದಿಕೊಂಡ್ಳು, ಚಲೋನೂ ಇದ್ರು. ಆದ್ರ ನನ್ನ ಮಗನ ಹೊಟ್ಟ್ಯಾಗ ಆ ಸಂಶಯ ಇದ್ದ ಇತ್ತು. ಈ ಅಕ್ಕಾರ ಅಂಗಳದಾಗ ನಿಂತು ಕೂಸು ಬ್ಯಾಡಾಗೇತಿ ಅಂದ್ರು. ಅಂವಾ ಅದನ್ನ ಹಿಡಕೊಂಡು ಕುಂತಾನ. ನಾ ಕಂಡದ್ದು ಹೇಳಿದ್ರ, ಮಮ್ಮಗಳಂತ ಮುಚ್ಚಾಕಹತ್ತಿ ಅಂತಾನ."

ನಾನು ಆ ಮಾತನ್ನು ಆಡಿದಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಡಿದೆ ಎಂಬುದು ಸಮಾಧಾನವೂ ಆಗಲಿಲ್ಲ.

ಡಾಕ್ಟರ್ ರಾಜೇಶ್ವರಿ ಒಳಗಿನ ಕೋಣೆಯಿಂದ ಶೈಲಜಾಳ ರಕ್ತ ಸವರಿದ ಗಾಜಿನ ಪಟ್ಟಿ ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ನೋಡಿದರು. ಹಳೆಯ ಕಾಗದಗಳನ್ನು ತೆಗೆದು ಅಂಕಿಗಳ ಮೇಲೆ ಬೆರಳಾಡಿಸಿದರು. ಕೆಂಚವ್ವನಿಗೆ ಚಹ ತರಿಸಿ ಕೊಟ್ಟು, "ನಿಮ್ಮ ಮಮ್ಮಗಳು ಖರೇ ಹೇಳ್ಯಾಳ ಅಂತ ನನಗನಸ್ತದ. ಇನ್ನೊಂದು ಪರೀಕ್ಷೆ ಮಾಡೂಣು, ಗಂಡ ಹೆಂಡತಿ ಇಬ್ಬರದೂ" ಎಂದು ಕಳಿಸಿದರು. ಬಾಗಿಲ ಹತ್ತಿರ ಕೆಂಚವ್ವ ನಿಂತು, "ಮುಂದಿನ ತಿಂಗಳ ಆಕಿ ಕುಬಸ ಐತಿ, ಉಡಿ ತುಂಬ್ತೀವಿ. ಬಾಯಾರ, ನೀವು ಬರಬೇಕು" ಎಂದಳು. ಸ್ವಲ್ಪ ತಡೆದು ನನ್ನ ಕಡೆಗೂ ನೋಡಿ, "ನೀವೂ" ಎಂದಳು.

ಅವಳು ಹೋದ ಮೇಲೆ ಡಾಕ್ಟರು ನನ್ನನ್ನು ಕೂರಿಸಿಕೊಂಡರು.

"ಇಲ್ಲಿ ನೋಡು ಅಜೀಜಾಬಿ. ಆಕಿ ರಕ್ತದ ಕಣ ಸಣ್ಣ ಅದಾವ. ಸಣ್ಣ ಇದ್ರ ಕಬ್ಬಿಣ ಕಡಿಮಿ ಅಂತ ಬರದುಬಿಡ್ತೀವಿ, ನಾನೂ ಹಂಗ ಬರದೆ. ಆದ್ರ ಕಬ್ಬಿಣ ಕಡಿಮಿ ಇದ್ದವರಲ್ಲಿ ಕಣದ ಎಣಿಕಿನೂ ಇಳೀತದ. ಈಕಿದು ಇಳದಿಲ್ಲ, ಹೆಚ್ಚ ಅದ. ಕೆಲವರ ರಕ್ತ ಹುಟ್ಟಿನಿಂದನ ಹಿಂಗ ಇರ್ತದ. ಥಲಸ್ಸೀಮಿಯಾ ಅಂತಾರ. ಒಂದ ಪಾಲು ಅಷ್ಟ ಬಂದಿದ್ರ ಅವರಿಗೆ ಏನೂ ತ್ರಾಸಿಲ್ಲ, ನೂರು ವರ್ಷ ಬದುಕ್ತಾರ. ಎಷ್ಟು ಕಬ್ಬಿಣ ತಿನಿಸಿದ್ರೂ ಅಂಕಿ ಏರೂದಿಲ್ಲ, ಅಷ್ಟ."

"ಹಂಗಾರ ಚಿಂತಿ ಇಲ್ಲಲ್ರಿ?"

"ಗಂಡನ ರಕ್ತದಾಗೂ ಅದ ಇದ್ರ ಚಿಂತಿ ಅದ. ಎರಡೂ ಕಡೆಯಿಂದ ಬಂತಂದ್ರ ಕೂಸಿಗೆ ತಿಂಗಳಾ ತಿಂಗಳಾ ಬ್ಯಾರೆಯವರ ರಕ್ತ ಕೊಡಬೇಕಾಗ್ತದ, ಜೀವನಪೂರ್ತಿ. ನಾಕು ಕೂಸಿನಾಗ ಒಂದಕ್ಕ ಹಂಗಾಗಬಹುದು. ಈಕಿ ಗಂಡ ಬ್ಯಾರೆ ಮನಿಯವನಲ್ಲ, ತಾಯಿಯ ತಮ್ಮ. ತಾಯಿ ಕಡೆಯಿಂದ ಬಂದಿದ್ರ ಅವನಲ್ಲೂ ಇರಬಹುದು. ವರದಿ ಬರೂತನಕ ಈ ರೋಗದ ಹೆಸರು ಯಾರ ಮುಂದೂ ಎತ್ತಬ್ಯಾಡ. ಅರ್ಧ ಮಾತು ಕೇಳಿ ಹೆದರ್ತಾರ."

ಎರಡು ದಿನ ಬಿಟ್ಟು ಸೂಜಿ ಕೊಳವೆ ಹಿಡಿದುಕೊಂಡು ಮುರಗೋಡಕ್ಕೆ ಹೋದೆ. ಪಡಸಾಲೆಯ ಗೋಡೆಯ ಮೊಳೆಗೆ ಕ್ಯಾಲೆಂಡರ್ ಇರಲಿಲ್ಲ. ಹೆರಿಗೆಗೆ ಅನುಕೂಲವಾಗಲೆಂದು ಡಾಕ್ಟರು ಇಬ್ಬರ ರಕ್ತವನ್ನೂ ನೋಡಬೇಕೆಂದಿದ್ದಾರೆ ಎಂದೆ. ಮಹಾದೇವ ಕಾಗದ ಓದಿ, ಸಹಿ ಹಾಕಿ, ತೋಳು ಚಾಚಿದ. ರಕ್ತ ಕೊಟ್ಟು ಹೋಗಿ ಗಿರಣಿ ಚಾಲು ಮಾಡಿದ.

ಶೈಲಜಾಳ ರಕ್ತವನ್ನು ಅಡಿಗೆಮನೆಯಲ್ಲಿ ತೆಗೆದೆ. ಹತ್ತಿ ಒತ್ತಿ ಹಿಡಿದು, ದನಿ ತಗ್ಗಿಸಿ ಹೇಳಿದೆ: "ಶೈಲಜಾ, ನಂದ ತಪ್ಪಾತವಾ. ನೀ ಗುಳಿಗಿ ನುಂಗೀದಿ ಅಂತ ಗೊತ್ತಾಗೇತಿ. ಮನಸಿಗೆ ಹಚ್ಚಿಕೋಬ್ಯಾಡ."

ಅವಳು ನನ್ನನ್ನು ನೇರವಾಗಿ ನೋಡಿದಳು. ಕಣ್ಣಿನಲ್ಲಿ ನೀರಿರಲಿಲ್ಲ.

"ಅಂಗಳದಾಗ ಅಂದ ಮಾತನ್ನ ಅಡಗಿಮನ್ಯಾಗ ಹಿಂತೊಗೊಳ್ತೀರೇನ್ರಿ?"

ಹೊರಗೆ ಹತ್ತು ಹನ್ನೆರಡು ಜನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಗಿರಣಿಯ ಬಾಗಿಲಲ್ಲಿ ಮಹಾದೇವನಿದ್ದ. ನಾಲ್ಕು ಹೆಜ್ಜೆ ನಡೆದು, ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ರೋಗದ ಹೆಸರು ಎತ್ತಬೇಡ ಎಂದು ಡಾಕ್ಟರು ಹೇಳಿದ್ದರೇ ಹೊರತು, ತಪ್ಪು ಒಪ್ಪಿಕೊಳ್ಳಬೇಡ ಎಂದು ಹೇಳಿರಲಿಲ್ಲ. ನನಗೆ ಧೈರ್ಯವಾಗಲಿಲ್ಲ. ಬಾಯಿ ಬಿಟ್ಟರೆ ಮುರಗೋಡದಲ್ಲಿ ಇನ್ನು ಯಾರು ನನ್ನ ಮಾತು ಕೇಳುತ್ತಾರೆ ಎಂದು ಒಂದು ನೆಪ ಕಟ್ಟಿಕೊಂಡೆ. ಚೀಲ ಎತ್ತಿಕೊಂಡು, ತಲೆ ತಗ್ಗಿಸಿ, ಅದೇ ಜನರ ನಡುವೆ ಹಾದು ಜೀಪು ಹತ್ತಿದೆ.

ದಾರಿಯಲ್ಲಿ ಎಲ್ಲವನ್ನೂ ಅಲ್ಲಾಸಾಬನಿಗೆ ಹೇಳಿದೆ. ಅವನು ಹಾರ್ನ್ ಬಾರಿಸಲಿಲ್ಲ. ಒಂದು ಮೈಲಿ ಹೋದ ಮೇಲೆ ಹೇಳಿದ: "ಈ ಡಬ್ಬಾ ಜೀಪಿಗೂ ರಿವರ್ಸ್ ಗೇರ ಐತಿ. ನಿನಗ ಇಲ್ಲ ನೋಡು."

ಮನೆ ಮುಟ್ಟುವ ತನಕ ನಾನು ಅವನ ಕಡೆ ಬೆನ್ನು ಮಾಡಿ ಕುಳಿತೆ. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ.

ರಕ್ತ ಬೆಳಗಾವಿಗೆ ಹೋಯಿತು, ಅಲ್ಲಿಂದ ಇನ್ನೂ ದೊಡ್ಡ ಲ್ಯಾಬಿಗೆ ಹೋಯಿತು. ದೀಪಾವಳಿ ಬಂತು, ಹೋಯಿತು. ಆ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಹಾದೇವನ ರಕ್ತದಲ್ಲೂ ಅದೇ ಇದ್ದರೆ? ತಿಂಗಳು ತಿಂಗಳು ಸೂಜಿ ಚುಚ್ಚಿಸಿಕೊಳ್ಳುವ ಮಗು ಹುಟ್ಟಿದರೆ, ಅದನ್ನೂ ಆ ಹುಡುಗಿಯ ತಲೆಗೇ ಕಟ್ಟುತ್ತಾರೆ. ಗುಳಿಗೆ ನುಂಗಲಿಲ್ಲ, ಅದಕ್ಕೇ ಹೀಗಾಯಿತು ಎನ್ನುತ್ತಾರೆ. ಹಾಗೆ ಅನ್ನುವುದಕ್ಕೆ ಊರಿಗೆ ಮಾತು ಕೊಟ್ಟವಳು ನಾನೇ. ಫರೀನಳ ಮೇಲಿನ ಸಿಟ್ಟನ್ನು ತಂದು ಬೇರೊಬ್ಬ ಹುಡುಗಿಯ ಮೇಲೆ ಹಾಕಿದ್ದೆ ಎಂದು ಆಗ ನನಗೆ ಅರ್ಥವಾಯಿತು. ಫರೀನಳ ಮೇಲೆ ನನಗೆ ಅಷ್ಟು ಸಿಟ್ಟಿದೆ ಎಂಬುದೂ ಆಗಲೇ ತಿಳಿಯಿತು.

ಕುಬಸದ ಹಿಂದಿನ ದಿನ ವರದಿ ಬಂತು. ಡಾಕ್ಟರ್ ರಾಜೇಶ್ವರಿ ಲಕೋಟೆ ಹರಿದು ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲ ಹಾಳೆಗೆ ತಲೆಯಾಡಿಸಿದರು. ಎರಡನೆಯ ಹಾಳೆ ತಿರುವಿ, ಕನ್ನಡಕ ತೆಗೆದು, ನಕ್ಕರು.

"ಶೈಲಜಾಗ ಅದ. ನಾವು ಅಂದುಕೊಂಡಂಗ. ಮಹಾದೇವಗ ಇಲ್ಲ. ಹುಡುಗಿಗೆ ತಂದಿ ಕಡೆಯಿಂದ ಬಂದಿರಬೇಕು. ಕೂಸಿಗೆ ಭಯ ಇಲ್ಲ ಅಜೀಜಾಬಿ. ಹೆಚ್ಚಂದ್ರ ತಾಯಿಯಂಗ ಸಣ್ಣ ಕಣ ಬಂದಾವು, ಅಷ್ಟ. ಗುಳಿಗಿ ಮಾತ್ರ ಹೆರಿಗಿ ತನಕ ನಡೀಲಿ, ಹೊಟ್ಟ್ಯಾಗಿನ ಕೂಸಿಗೆ ಕಬ್ಬಿಣ ಬೇಕಾಗ್ತದ."

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡು ಹೋಗುವ ಚಕ್ಕಡಿಯವರು ನೋಡಿಕೊಂಡು ಹೋದರು. ನೋಡಲಿ ಎಂದು ಬಿಟ್ಟೆ.

ಒಳಗೆ ಬಂದಾಗ ಡಾಕ್ಟರು ಅಧ್ಯಯನದ ಫಾರ್ಮು ತೆಗೆದು, ನನ್ನ ಕೊನೆಯ ಖಾನೆಯ ಪಕ್ಕದಲ್ಲಿ ಪೆನ್ನಿನಿಂದ ಹೊಸದೊಂದು ಪ್ರಶ್ನೆ ಬರೆಯುತ್ತಿದ್ದರು: ಬಣ್ಣ ಹೇಗಿದೆ? "ಕೆಂಪು ಶಾಯಿಯವರು ಇನ್ನೂ ಎಷ್ಟ ಮಂದಿ ಅದಾರ?" ಎಂದರು. ಹನ್ನೊಂದು ಎಂದೆ. "ಅವರೆಲ್ಲರ ಹತ್ರನೂ ಹೋಗಿ ಕೇಳು. ಬಣ್ಣ ಕಪ್ಪಿದ್ದು ರಕ್ತ ಏರದವರದ್ದೆಲ್ಲಾ ಈ ಪರೀಕ್ಷೆಗೆ ಕಳಸೂಣು. ಈ ಮುದುಕಿ ಬಸ್ಸ ಹತ್ತಿ ಬರದಿದ್ರ ನಮ್ಮ ಸಂಶೋಧನಿಯಾಗ ಆ ಹುಡುಗಿ ಸುಳ್ಳಬುರಕಿ ಅಂತ ಉಳೀತಿದ್ಲು, ನಾವು ಶಾಣ್ಯಾರು ಅಂತ ಉಳೀತಿದ್ವಿ."

ಕುಬಸ ಎಂದರೆ ಏಳನೆಯ ತಿಂಗಳಲ್ಲಿ ಬಸುರಿಗೆ ಹೊಸ ಕುಪ್ಪಸ ತೊಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ದಿನ. ಅಂದು ಗಿರಣಿ ಬಂದ್. ಅಂಗಳದ ತುಂಬ ಹೆಂಗಸರು, ಕಟ್ಟೆಯ ಕಡೆ ಗಂಡಸರು. ನಾನು ಬೈದ ದಿನ ಡಬ್ಬಿ ಇಟ್ಟುಕೊಂಡು ಆ ಮಾತು ಕೇಳಿದವರೂ ಅಲ್ಲಿದ್ದರು. ಬಳೆಗಾರ ಆಗಲೇ ಬಳೆ ಇಡಿಸಿ ಹೋಗಿದ್ದ. ನಾವು ಹೋದ ಕೂಡಲೇ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಗಿರಣಿಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದರು. ರೋಗದ ಹೆಸರು, ಕಣದ ಮಾತು ಅವರಿಬ್ಬರಿಗೆ ಮಾತ್ರ ಸೇರಿದ್ದು, ಅಂಗಳದಲ್ಲಿ ಆಡುವಂಥದ್ದಲ್ಲ ಎಂದು ಜೀಪಿನಲ್ಲೇ ನನಗೆ ಎಚ್ಚರಿಸಿದ್ದರು.

ಇಪ್ಪತ್ತು ನಿಮಿಷ ಕಳೆಯಿತು. ಹೆಂಗಸರ ಹಾಡು ಎರಡು ಮುಗಿದವು. ಕೆಂಚವ್ವ ಆರತಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಬಾಗಿಲು ತೆರೆಯಿತು. ಶೈಲಜಾ ಬಂದು ಮಣೆಯ ಮೇಲೆ ಕುಳಿತಳು. ಮಹಾದೇವ ಗಿರಣಿಯ ಬಾಗಿಲಲ್ಲೇ ನಿಂತ. ಅವನ ಕಣ್ಣು ಕೆಂಪಾಗಿದ್ದವು.

ನಾನು ಎದ್ದು ನಿಂತೆ. ಅಂದು ನಿಂತ ಜಾಗದಲ್ಲೇ, ಕಟ್ಟೆಯ ಪಕ್ಕದಲ್ಲಿ ಹೋಗಿ ನಿಂತೆ. ಹಾಡು ತಾನಾಗಿ ನಿಂತಿತು.

"ಹೋದ ತಿಂಗಳ ಇದ ಅಂಗಳದಾಗ ನಿಂತು ನಾ ಒಂದ ಮಾತ ಅಂದಿದ್ದೆ," ಎಂದೆ. "ಶೈಲಜಾ ಗುಳಿಗಿ ನುಂಗಿಲ್ಲ ಅಂದಿದ್ದೆ. ಕೂಸು ಬ್ಯಾಡಾಗೇತಿ ಅಂದಿದ್ದೆ. ಅದು ಸುಳ್ಳು. ಆಕಿ ಎಲ್ಲಾ ನುಂಗ್ಯಾಳ, ಒಂದೂ ಬಿಟ್ಟಿಲ್ಲ. ಸುಳ್ಳು ಹೇಳಿದಾಕಿ ನಾನು."

ಶೈಲಜಾ ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇನ್ನೊಮ್ಮೆ ಅನ್ರಿ," ಎಂದಳು. "ಗಿರಣಿ ಕಡೆ ನಿಂತವರಿಗೆ ಕೇಳಿಸಿಲ್ಲ."

ಗಿರಣಿಯ ಕಡೆ ನಿಂತವನು ಒಬ್ಬನೇ. ನಾನು ಆ ಕಡೆ ತಿರುಗಿ, ಓಣಿಯ ಆಚೆ ಜೀಪಿನಲ್ಲಿ ಕುಳಿತಿದ್ದ ಅಲ್ಲಾಸಾಬನಿಗೂ ಕೇಳುವಷ್ಟು ಗಟ್ಟಿಯಾಗಿ ಇಡೀ ಮಾತನ್ನು ಮತ್ತೊಮ್ಮೆ ಹೇಳಿದೆ.

ಮಹಾದೇವ ಗಿರಣಿಯ ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್ ಇತ್ತು. ನಾನು ಬೈದು ಹೋದ ದಿನವೇ ಗೋಡೆಯಿಂದ ತೆಗೆದು ಗಿರಣಿಯಲ್ಲಿ ಬಚ್ಚಿಟ್ಟಿದ್ದನಂತೆ. ಮೇಲಿನ ಹಿಟ್ಟು ಕೊಡವಿ, ಪಡಸಾಲೆಗೆ ಹೋಗಿ, ಎಲ್ಲರೂ ನೋಡುತ್ತಿರುವಾಗ ಅದೇ ಮೊಳೆಗೆ ತೂಗುಹಾಕಿದ. ಕಿಸೆಯಿಂದ ಪೆನ್ಸಿಲ್ ತೆಗೆದು ಹೆಂಡತಿಯ ಮುಂದೆ ಹಿಡಿದ.

"ಇವತ್ತಿಂದು ಹೊಡಿ," ಎಂದ. ಐದು ವಾರದಲ್ಲಿ ಅವಳ ಜೊತೆ ಅವನು ಆಡಿದ ಮೊದಲ ಮಾತು ಅದು ಎಂದು ಕೆಂಚವ್ವ ಆಮೇಲೆ ಹೇಳಿದಳು.

ಶೈಲಜಾ ಮಣೆಯಿಂದ ಎದ್ದಳು. ಶಾಸ್ತ್ರದ ನಡುವೆ ಏಳಬಾರದು ಎಂದು ಯಾರೋ ಹಿರಿಯಳು ಗೊಣಗಿದಳು. ಕೆಂಚವ್ವ ಅವಳ ಕಡೆ ಒಮ್ಮೆ ನೋಡಿದಳು, ಗೊಣಗಾಟ ನಿಂತಿತು. ಶೈಲಜಾ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆಯನ್ನು ಹಿಂದಕ್ಕೆ, ಅಕ್ಟೋಬರಿಗೆ ತಿರುವಿದಳು.

"ತಡಿ ಮಾವ," ಎಂದಳು. "ನಡುವಿನೂ ಅದಾವ."

ನಾನು ಬೈದು ಹೋದ ದಿನದಿಂದ ಶುರುಮಾಡಿ ಒಂದೊಂದೇ ಅಂಕಿಯ ಮೇಲೆ ಗೆರೆ ಎಳೆಯತೊಡಗಿದಳು. ಊರೆಲ್ಲ ಸುಳ್ಳುಗಾತಿ ಎನ್ನುತ್ತಿದ್ದಾಗಲೂ, ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಾಗಲೂ, ಆ ಹುಡುಗಿ ನಾನು ಕುಕ್ಕಿ ಹೋದ ಡಬ್ಬಿಯಿಂದ ದಿನವೂ ಒಂದು ಗುಳಿಗೆ ನುಂಗಿದ್ದಳು. ಮೂವತ್ತೇಳು ಗೆರೆ ಎಳೆಯುವ ತನಕ ಇಡೀ ಅಂಗಳ ಕಾಯಿತು. ಆರತಿಯ ದೀಪಕ್ಕೆ ಕೆಂಚವ್ವ ಎರಡು ಸಲ ಎಣ್ಣೆ ಹಾಕಿದಳು.

ಉಂಡು ಹೊರಟಾಗ ಶೈಲಜಾ ನನ್ನ ಉಡಿಗೂ ಒಂದು ಹಿಡಿ ಅಕ್ಕಿ, ಒಂದು ಬಟ್ಟಲು ಕೊಬ್ಬರಿ ಹಾಕಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. "ಮುಂದಿನ ಡಬ್ಬಿ ಯಾವಾಗ ತರ್ತೀರಿ?" ಎಂದು ಮಾತ್ರ ಕೇಳಿದಳು.

ಜೀಪಿನಲ್ಲಿ ಕುಳಿತು ರಜಿಸ್ಟರ್ ತೆಗೆದೆ. ಅವಳ ಹೆಸರಿನ ಮುಂದಿನ ಕೆಂಪು ಇಲ್ಲವನ್ನು ಹೊಡೆದು ಹಾಕಿ ನೀಲಿಯಲ್ಲಿ ಹೌದು ಎಂದು ಬರೆದೆ. ಇನ್ನೂ ಹನ್ನೊಂದು ಹೆಸರು ಕೆಂಪಾಗಿದ್ದವು. ಅವುಗಳಲ್ಲಿ ಮೊದಲನೆಯದು ಮುರಗೋಡದ್ದೇ, ನಾವು ಆಗಲೇ ದಾಟಿ ಬಂದಿದ್ದ ಇನ್ನೊಂದು ಓಣಿಯದು.

"ಗಾಡಿ ಹಿಂದ ತೊಗೊ," ಎಂದೆ.

ಅಲ್ಲಾಸಾಬ ನನ್ನ ಮುಖ ನೋಡಿ, ರಿವರ್ಸ್ ಗೇರು ಹಾಕಿದ.